ಕೋಟಿನ ತೋಳಿನಲ್ಲಿ ಸಿಕ್ಕ ಮನೆ

ಟೇಲರಮ್ಮನಿಗೆ ಪೇಪರ್ ಬೇಕಾಗುತ್ತಿದ್ದುದು ಓದುವುದಕ್ಕಲ್ಲ, ಕತ್ತರಿಸುವುದಕ್ಕೆ. ಅಳತೆ ತೆಗೆದ ದಿನ ಬಂದ ಪೇಪರಿನಲ್ಲೇ ಕೋಟಿನ ಮಾದರಿ ಕತ್ತರಿಸಬೇಕು ಎಂಬುದು ತೀರಿಕೊಂಡ ಮಾವನ ಕಟ್ಟಪ್ಪಣೆ. ಯಾಕೆಂದರೆ ಗಿರಾಕಿ ದಪ್ಪಗಾಗುತ್ತಾನೆ, ಆದರೆ ಒಪ್ಪಿಕೊಳ್ಳುವುದಿಲ್ಲ. ತಪ್ಪೆಲ್ಲ ಹೊಲಿದವರ ತಲೆಗೇ ಕಟ್ಟುತ್ತಾನೆ. ಆಗ ಮಾದರಿಯ ಮೇಲಿನ ತಾರೀಖು ತೋರಿಸಿ ಬಾಯಿ ಮುಚ್ಚಿಸಬಹುದು. ಮುಂದಿನ ಕೋಣೆಯ ಗೋಡೆ ತುಂಬ ಮೊಳೆಗಳು, ಒಂದೊಂದು ಮೊಳೆಗೂ ಒಬ್ಬೊಬ್ಬರ ತೋಳು, ಬೆನ್ನು, ಕಾಲರಿನ ಕಟ್ಟು. ಹಿಂದಿನ ಕೋಣೆಯಲ್ಲಿ ಸಂಸಾರ: ಆಕೆ, ಮತ್ತು ಗುಂಡಿ-ಕಾಜಾ ನೋಡಿಕೊಳ್ಳುವ ನಾದಿನಿ. ಇಷ್ಟೇ ಮನೆ, ಇಷ್ಟೇ ಆಸ್ತಿ.

ಆ ಮನೆಯನ್ನು ರಸ್ತೆ ಅಗಲ ಮಾಡಲು ಸರ್ಕಾರ ತೆಗೆದುಕೊಂಡಾಗಿದೆ, ತಿಂಗಳೊಳಗೆ ಖಾಲಿ ಮಾಡಿ ಎಂದು ಒಂದು ದಿನ ಕಾಗದ ಬಂತು. ಹೇಳಲಿಲ್ಲ, ಕೇಳಲಿಲ್ಲ. ಟೇಲರಮ್ಮ ವಕೀಲರನ್ನು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದಳು.

ಅಲ್ಲಿ ಸರ್ಕಾರಿ ವಕೀಲರು ಫೈಲು ಬಿಚ್ಚಿದರು. "ಎರಡು ವರ್ಷದ ಹಿಂದೆಯೇ ಪೇಪರಿನಲ್ಲಿ ಪ್ರಕಟಣೆ ಕೊಟ್ಟಿದ್ದೀವಿ ಸ್ವಾಮಿ. ತಕರಾರು ಹೇಳೋಕೆ ಟೈಮೂ ಕೊಟ್ಟಿದ್ದೀವಿ. ಈಯಮ್ಮ ಉಸಿರೇ ಎತ್ತಲಿಲ್ಲ." ಫೈಲಿನಲ್ಲಿ ಆ ಪ್ರಕಟಣೆಯ ಟೈಪ್ ಮಾಡಿದ ಪ್ರತಿಯಿತ್ತು, ಪೇಪರಿನಲ್ಲಿ ಬಂದ ತಾರೀಖಿನ ಸಮೇತ. ಹನ್ನೆರಡು ಜಾಗದ ನಂಬರು, ಕೊನೆಯದು ಟೇಲರಮ್ಮನ ಮನೆಯದು.

ಹೊರಗೆ ಬಂದ ಮೇಲೆ ಆಕೆಯ ವಕೀಲರು ಕೇಳಿದರು, "ಮನೆಗೆ ಪೇಪರ್ ತರಿಸ್ತೀರಿ ತಾನೇ? ಒಂದು ಸಲ ಕಣ್ಣಾಡಿಸೋದಲ್ವೇನಮ್ಮ?"

ಟೇಲರಮ್ಮ ಭೂಮಿಗಿಳಿದು ಹೋದಳು. ಮಾವ ಕಟ್ಟಿದ ಮನೆಯನ್ನು ನನ್ನ ಕೈಯಾರೆ ಕತ್ತರಿಸಿ ಹಾಕಿದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಆರ್ಡರ್ ಪುಸ್ತಕ ತೆಗೆದಳು. ಆ ತಾರೀಖಿನಲ್ಲಿ ಅಳತೆ ಕೊಟ್ಟಿದ್ದು ಒಬ್ಬರೇ, ಪೋಸ್ಟ್‌ಮಾಸ್ಟರು. ಅವರ ಕಟ್ಟನ್ನು ಮೊಳೆಯಿಂದ ಇಳಿಸಿ ಬಿಚ್ಚಿದರೆ, ಎಡದ ತೋಳಿನ ಮೇಲೆಯೇ ಪ್ರಕಟಣೆಯ ತಲೆಬರಹ.

"ಅಯ್ಯೋ ಅತ್ತಿಗೆ, ನಮ್ಮ ಮನೆ ಮೇಲೇ ಕತ್ತರಿ ಆಡಿಸಿದ್ದೀರಲ್ಲ," ಎಂದಳು ನಾದಿನಿ.

"ಉರಿಯೋದಕ್ಕೆ ತುಪ್ಪ ಸುರಿಬೇಡ. ಆ ಬೆನ್ನಿನ ತುಂಡು ಕೊಡು."

ತೋಳಿನ ಬಾಗು ನಂಬರುಗಳ ಪಟ್ಟಿಯನ್ನು ಅಡ್ಡಕ್ಕೆ ಸೀಳಿತ್ತು. ಉಳಿದರ್ಧ ಬೆನ್ನಿನಲ್ಲಿತ್ತು. ಎರಡನ್ನೂ ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿ, ಆಕೆ ಸೂಜಿಯ ತುದಿಯಿಂದ ಒಂದೊಂದೇ ನಂಬರು ಮುಟ್ಟುತ್ತಾ ಓದಿದಳು. ಎಲ್ಲವೂ ಎದುರು ಸಾಲಿನವು. ಹನ್ನೊಂದಕ್ಕೆ ಪಟ್ಟಿ ಮುಗಿದು, ಕೆಳಗೆ ಅಧಿಕಾರಿಯ ಹೆಸರು. ಹನ್ನೆರಡನೆಯದು ಇರಲೇ ಇಲ್ಲ. ಇನ್ನೊಂದು ಸಲ ಓದಿದಳು. ನಾದಿನಿಯ ಕೈಯಲ್ಲೂ ಓದಿಸಿದಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅಂದೇ ಓದಿದ್ದರೂ ತನ್ನ ಮನೆಯ ನಂಬರು ಸಿಗುತ್ತಿರಲಿಲ್ಲ. ತಪ್ಪು ತನ್ನದಲ್ಲ.

ಮುಂದಿನ ಸಲ ಕೋರ್ಟಿನಲ್ಲಿ ಕೋಟಿನ ತುಂಡು ನೋಡಿ ಸರ್ಕಾರಿ ವಕೀಲರು ಮೊದಲು ನಕ್ಕರು. ಆಕೆಯ ವಕೀಲರು ಪೇಪರಿನ ಆಫೀಸಿನಿಂದ ಅದೇ ದಿನದ ಇಡೀ ಸಂಚಿಕೆಯನ್ನು ಸೀಲು ಹಾಕಿಸಿ ತಂದಿದ್ದರು. ಅದನ್ನು ಮುಂದಿಟ್ಟಾಗ ನಗು ನಿಂತಿತು. ಎದುರು ಸಾಲಿನ ದೊಡ್ಡ ಗೋದಾಮನ್ನು ಉಳಿಸಲು ರಸ್ತೆಯನ್ನು ಅಲ್ಲಿ ಮಾತ್ರ ಈ ಕಡೆಗೆ ಸರಿಸಿ, ಟೈಪ್ ಮಾಡಿದ ಪ್ರತಿಯಲ್ಲಿ ಆಮೇಲೆ ಒಂದು ನಂಬರು ತುರುಕಿದ್ದರು. ಯಾರು ತುರುಕಿದರು ಎಂದರೆ ಎಲ್ಲರೂ ಮೇಲೆ ನೋಡುವವರೇ.

ನ್ಯಾಯಾಧೀಶರು ತೋಳನ್ನೂ ಬೆನ್ನನ್ನೂ ತಾವೇ ಕೂಡಿಸಿ ನೋಡಿದರು. "ಒಂದು ಮಾತು ಕೇಳದೆ ಇನ್ನೊಬ್ಬರ ಮನೆ ತಗೊಳ್ಳೋಕೆ ಸರ್ಕಾರಕ್ಕೂ ಬರಲ್ಲ," ಎಂದು ಹೇಳಿ, ಆ ಮನೆಯ ಮಟ್ಟಿಗೆ ಆದೇಶ ರದ್ದು ಮಾಡಿದರು. ಬೇಕಿದ್ದರೆ ಮೊದಲಿನಿಂದ ಶುರು ಮಾಡಿ, ಆಕೆಯ ತಕರಾರು ಕೇಳಿ ಎಂದರು. ಇಲಾಖೆಗೆ ಅದು ಬೇಕಿರಲಿಲ್ಲ, ಹಳೆಯ ನಕ್ಷೆಯಂತೆಯೇ ಹೋಗುತ್ತೇವೆ ಎಂದು ಬರೆದುಕೊಟ್ಟಿತು. ಟೇಲರಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆಯೇ ಕೂತಳು. ಮನಸ್ಸು ಹೂವಿನಷ್ಟು ಹಗುರವಾಗಿತ್ತು. ಆ ದಿನ ಇಬ್ಬರೂ ಹೊಟ್ಟೆ ತುಂಬ ಉಂಡು, ಮಟಮಟ ಮಧ್ಯಾಹ್ನವೇ ಮಲಗಿ ಗೊರಕೆ ಹೊಡೆದರು.

ವಾರ ಕಳೆದ ಮೇಲೆ ಪೋಸ್ಟ್‌ಮಾಸ್ಟರು ಬಟ್ಟೆ ಹಿಡಿದು ಬಂದರು. "ಹಳೇ ಅಳತೆಗೇ ಇನ್ನೊಂದು ಕೋಟು ಹೊಲಿದುಬಿಡಿ."

"ನಿಮ್ಮ ತೋಳು, ಬೆನ್ನು ಎರಡೂ ಕೋರ್ಟಿನ ಫೈಲಲ್ಲಿ ಕೂತಿವೆ ಸಾರ್. ಕೈ ಚಾಚಿ, ಹೊಸದಾಗಿ ತಗೋತೀನಿ."

ಅವರು ಹೋದ ಮೇಲೆ ಟೇಲರಮ್ಮ ಅಂದಿನ ಪೇಪರನ್ನು ಮೇಜಿನ ಮೇಲೆ ಹರಡಿದಳು. ಕತ್ತರಿ ಕೈಯಲ್ಲೇ ಇತ್ತು, ಆದರೆ ಹಾಳೆಗೆ ಇಡಲಿಲ್ಲ. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ, ಸಣ್ಣ ಅಕ್ಷರದ ಪ್ರಕಟಣೆಗಳನ್ನೆಲ್ಲ ಓದಿದಳು. ಹಾಳೆ ಮಗುಚಿ ಹಿಂಭಾಗವನ್ನೂ ಓದಿದಳು.

"ಏನಂತೆ ಅತ್ತಿಗೆ?" ನಾದಿನಿ ಒಳಗಿನಿಂದ ಕೇಳಿದಳು.

"ನಮ್ಮ ಮನೆ ಇಲ್ಲ ಇದರಲ್ಲಿ," ಎಂದು ಟೇಲರಮ್ಮ ತೋಳಿಗೆ ಕತ್ತರಿ ಇಟ್ಟಳು.