ತುಕ್ಕಿನ ಮಂದಿಗೆ ನಾನು ಬರೆದ ನಿಯಮ

ಮೊಬೈಲ್ ಇನ್ನೂ ದೊಡ್ಡವರ ಕಿಸೆ ಬಿಟ್ಟು ಮಕ್ಕಳ ಕೈಗೆ ಇಳಿಯದ ಕಾಲ ಅದು. ನಮ್ಮ ಮೇಲವಂಕಿಯಲ್ಲಿ ಬೇಸಿಗೆ ರಜೆಯ ಮಧ್ಯಾಹ್ನಗಳು ಎಷ್ಟು ಉದ್ದ ಇರುತ್ತಿದ್ದವೆಂದರೆ, ಉಂಡು ಮಲಗಿದ ದೊಡ್ಡವರು ಏಳುವಷ್ಟರಲ್ಲಿ ನಾವು ಒಂದು ರಾಜ್ಯ ಕಟ್ಟಿ ಕೆಡವಬಹುದಿತ್ತು. ಏಳನೆಯ ತರಗತಿ ಮುಗಿದ ಬೇಸಿಗೆಯಲ್ಲಿ ನಾವು ಹಾಗೆ ಕಟ್ಟಿದ್ದೆವು, ಕೆಡವಿಯೂ ಇದ್ದೆವು. ಬಾಲ್ಯ ಅಂದ ಕೂಡಲೇ ಜನರ ಬಾಯಲ್ಲಿ ನೀರೂರುತ್ತದೆ. ಈ ಒಂದು ನೆನಪಿಗೆ ಮಾತ್ರ ನನಗೆ ಈಗಲೂ ಓಕರಿಕೆ ಬರುತ್ತದೆ.

ಪುಣೆಯಲ್ಲಿದ್ದ ದೊಡ್ಡಪ್ಪನ ಮಗ ವಿನಾಯಕ, ನಮ್ಮೆಲ್ಲರ ವಿನು ಅಣ್ಣ, ಹತ್ತನೆಯ ಪರೀಕ್ಷೆ ಬರೆದು ಆ ವರ್ಷ ರಜೆಗೆ ಬಂದಿದ್ದ. ಅವನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದಿದ್ದದ್ದು ಒಂದು ಪುಸ್ತಕ. ಇಂಗ್ಲಿಷಿನದು, ಮುನ್ನೂರು ಪುಟಗಳ ಝೆರಾಕ್ಸ್ ಪ್ರತಿ. ಜೊತೆಗೆ ಒಂದು ಮುಷ್ಟಿ ದಾಳಗಳು: ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು. ನಾವು ಅಲ್ಲಿಯವರೆಗೆ ಆರು ಮುಖದ ದಾಳ ಬಿಟ್ಟರೆ ಬೇರೆ ಕಂಡವರಲ್ಲ.

ಆಟ ಆಡುತ್ತಿದ್ದದ್ದು ಮೆಕ್ಕೆಜೋಳದ ಚೀಲ ಒಟ್ಟಿದ್ದ ಕೋಣೆಯಲ್ಲಿ. ಸೆಣಬಿನ ಚೀಲದ ವಾಸನೆ, ಹುಳಕ್ಕೆ ಹಾಕಿದ ಪುಡಿಯ ಘಾಟು, ಎಲ್ಲೋ ಮೂಲೆಯಲ್ಲಿ ಸತ್ತ ಇಲಿಯ ನಾತ. ಆಡುವವರು ನಾನು, ನನ್ನ ತಮ್ಮ ಬಸು, ಮತ್ತು ಶಮೀಮ್. ಶಮೀಮ್ ನಮ್ಮ ಓಣಿಯ ತುದಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವರ ಮಗಳು, ಶಾಲೆಯಲ್ಲಿ ನನ್ನ ಬಾಜೂ ಕೂರುವವಳು. ಅವಳ ಜಡೆಯಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ ಸಿಕ್ಕಿಕೊಂಡಿರುತ್ತಿತ್ತು.

"ಇದರಾಗ ಪಗಡಿ ಪಟಾ ಗಿಟಾ ಇರೂದಿಲ್ಲ," ಎಂದು ವಿನು ಅಣ್ಣ ಮೊದಲ ದಿನ ಹೇಳಿದ. "ಒಬ್ಬೊಬ್ಬರು ಒಂದೊಂದ ಪಾತ್ರ ಆಗ್ರಿ. ಎದುರಿಗೆ ಏನ ಐತಿ ಅಂತ ನಾ ಹೇಳ್ತೇನಿ. ಏನ ಮಾಡ್ತೀರಿ ಅಂತ ನೀವ ಹೇಳ್ರಿ. ಅದು ಆಗತೈತೋ ಇಲ್ಲೋ ಅಂತ ದಾಳ ಹೇಳತೈತಿ."

ಆ ಪುಸ್ತಕದಲ್ಲಿ ಎಲ್ಲದಕ್ಕೂ ಒಂದು ಕೋಷ್ಟಕವಿತ್ತು. ಹಸಿ ಕಟ್ಟಿಗೆ ಹೊತ್ತಿಸಲು ದಾಳದಲ್ಲಿ ಎಷ್ಟು ಬೀಳಬೇಕು, ಒಂದು ಜೊತೆ ಚಪ್ಪಲಿ ಎಷ್ಟು ದೂರ ಬಾಳುತ್ತದೆ, ಗಾಯ ಎಷ್ಟನೆಯ ದಿನ ಕೀವಾಗುತ್ತದೆ, ಎಲ್ಲವೂ. ನಾಲ್ಕು ದಿನ ಆಡಿದರೂ ನಮ್ಮ ತಂಡ ತಲುಪಬೇಕಿದ್ದ ಕೋಟೆ ಮುಟ್ಟಲಿಲ್ಲ. ಚಪ್ಪಲಿ ಮಾತ್ರ ಸವೆದವು. ಬಸು ಚೀಲದ ಮೇಲೆ ನಿದ್ದೆ ಹೋದ.

ಐದನೆಯ ದಿನ ಶಮೀಮ್ ತನ್ನ ಸರದಿ ಬಂದಾಗ ದಾಳ ಮುಟ್ಟಲೇ ಇಲ್ಲ.

"ಅಣ್ಣಾ, ಈಗ ಆಕಾಶ ಹರೀತು. ಒಂದ ಕಬ್ಬಿಣದ ಮೀನ ಕೆಳಗ ಬಿತ್ತು. ಗೋಕಾಕ ಫಾಲ್ಸ್‌ಗಿಂತ ದೊಡ್ಡದು. ಅದರ ಹೊಟ್ಟ್ಯಾಗ ಒಂದ ಊರ ಐತಿ. ಅಲ್ಲಿ ಮಂದಿ ಅರ್ಧಾ ಮಾಂಸ, ಅರ್ಧಾ ಯಂತ್ರ. ಸಿಡ್ಲ ಕುಡದ ಬದುಕತಾರ. ಮೈಗೆ ತುಕ್ಕ ಹಿಡದ್ರ ತುಕ್ಕಿನ ಮ್ಯಾಲ ಹೂವ ಬಿಡತಾವ. ಅವರ ಗುಂಡಿಗಿ ಎದಿಯೊಳಗ ಇರೂದಿಲ್ಲ, ಗಾಜಿನ ಬರಣ್ಯಾಗ ಇರತೈತಿ. ನಂಬಿದವರ ಕೈಯಾಗ ಕೊಟ್ಟ ಹೋಗತಾರ."

"ಪುಸ್ತಕದಾಗ ಇಂಥಾದ್ದ ಇಲ್ಲ," ಎಂದ ವಿನು ಅಣ್ಣ.

"ಪುಸ್ತಕದಾಗ ಇದ್ದದ್ದನ್ನ ನಾ ಯಾಕ ಹೇಳಬೇಕು?"

ಬಸು ಎದ್ದು ಕೂತಿದ್ದ. ವಿನು ಅಣ್ಣ ಸಿಟ್ಟಾಗುತ್ತಾನೆಂದು ನಾನು ಹೆದರಿದ್ದೆ. ಅವನು ಪೆನ್ಸಿಲ್ ಕಚ್ಚುತ್ತ ಬಹಳ ಹೊತ್ತು ಪುಟ ತಿರುವಿದ. ಮರುದಿನ ಬೆಳಗ್ಗೆ ಹೊಸ ನಿಯಮಗಳೊಂದಿಗೆ ಬಂದಾಗ ಅವನ ಕಣ್ಣು ಹೊಳೆಯುತ್ತಿದ್ದವು. ಒಂದು ಸಿಡಿಲು ಅಂದರೆ ಹಸಿವಿನ ಕೋಷ್ಟಕದಲ್ಲಿ ಮೂರು ದಿನದ ಬುತ್ತಿ. ಗಾಯದ ಕೋಷ್ಟಕ ಹಾಗೇ ಇರಲಿ, ನಮಗೆ ಕೀವಾಗುವ ದಿನ ಅವರಿಗೆ ಹೂವು ಬಿಡಲಿ. ಬರಣಿ ಹಿಡಿದವರಿಗೆ ಆ ಕೈಯಿಂದ ಬೇರೆ ಕೆಲಸ ಆಗದು, ಆದರೆ ತುಕ್ಕಿನವರಿಗೆ ಬಿದ್ದ ಪೆಟ್ಟಿನಲ್ಲಿ ಅರ್ಧ ಇವರು ಹೊರಬಹುದು. ಅವನಲ್ಲಿ ಆ ಜಾಣತನ ನಿಜಕ್ಕೂ ಇತ್ತು. ಶಮೀಮ್ ಆಕಾಶದಿಂದ ಏನು ಕೆಡವಿದರೂ ಅದಕ್ಕೆ ನೆಲದ ಮೇಲೊಂದು ಜಾಗ ಹುಡುಕುತ್ತಿದ್ದ.

ನನ್ನ ಅಕ್ಷರ ಚೆಂದವಿದ್ದುದರಿಂದ ಆ ನಿಯಮಗಳನ್ನೆಲ್ಲ ಕನ್ನಡದಲ್ಲಿ ಉದ್ದ ನೋಟ್‌ಬುಕ್ಕಿಗೆ ಇಳಿಸುವ ಕೆಲಸ ನನ್ನದಾಯಿತು. ಶಮೀಮ್ ತಾನು ಆಡುವ ತುಕ್ಕಿನ ಹೆಣ್ಣಿಗೆ ಜಂಗಾರಿ ಎಂದು ಹೆಸರಿಟ್ಟಳು. "ಜಂಗ್ ಅಂದ್ರ ನಮ್ಮ ಮಾತಿನ್ಯಾಗ ತುಕ್ಕ," ಅಂದಳು. ನನ್ನ ಪಾತ್ರ ಗಾಯ ಹೊಲಿಯುವ ವೈದ್ಯೆ. ಜಂಗಾರಿ ತನ್ನ ಬರಣಿಯನ್ನು ಯಾರಿಗೆ ಕೊಡುತ್ತಾಳೆಂದು ವಿನು ಅಣ್ಣ ಕೇಳಿದಾಗ ಅವಳು ಯೋಚನೆ ಕೂಡ ಮಾಡಲಿಲ್ಲ. "ಪಾರಿಗೆ," ಅಂದಳು. ಪಾರಿ ಅಂದರೆ ನಾನು.

ಹತ್ತು ದಿನ ನಾವು ಅನ್ನ ನೀರು ಮರೆತು ಆಡಿದೆವು.

ಆಮೇಲೆ ಒಂದು ಬೆಳಗ್ಗೆ, ಶಮೀಮ್ ಇನ್ನೂ ಬಂದಿರಲಿಲ್ಲ, ವಿನು ಅಣ್ಣ ನೋಟ್‌ಬುಕ್ ತೆಗೆ ಎಂದ.

"ಈ ತುಕ್ಕಿನ ಮಂದಿಗಿ ಶಕ್ತಿ ಭಾಳ ಆಗೇತಿ. ಆಟದ ತೂಕ ಸರಿ ಬರಬೇಕಂದ್ರ ಒಂದ ಕೊರತಿ ಬೇಕು. ಬರಿ, ಮೈಲಿಗಿ ಅಂಕ."

ನಾನು ಬರೆದೆ. ತುಕ್ಕಿನವರು ಮುಟ್ಟಿದ ನೀರು ಕುಡಿದರೆ ಮೂರು ಅಂಕ. ಅವರ ಪಂಕ್ತಿಯಲ್ಲಿ ಉಂಡರೆ ಐದು. ಬರಣಿ ಹಿಡಿದರೆ ದಿನಕ್ಕೊಂದು. ಹತ್ತು ತುಂಬಿದವರಿಗೆ ಕೋಟೆಯ ಊರ ಬಾಗಿಲು ತೆರೆಯದು. ಕೊನೆಗೆ ಇನ್ನೊಂದು ಸಾಲು: ಊರಲ್ಲಿ ಅವರಿಗೆ ಬೇರೆ ಪಾತ್ರೆ, ಅದನ್ನು ಅವರೇ ತೊಳೆದು ಹೊರಗಿನ ಗೂಡಿನಲ್ಲಿ ಇಡತಕ್ಕದ್ದು.

ಅಳತೆಪಟ್ಟಿ ಹಿಡಿದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ. ಗೆರೆಗಳು ನೆಟ್ಟಗೆ ಬಂದವಲ್ಲ ಎಂದು ಖುಷಿಯಾಗಿತ್ತು, ಅಷ್ಟೇ. ಹದಿನೈದು ದಿನದ ಹಿಂದೆ ಬಸವ ಜಯಂತಿಯಲ್ಲಿ ಎಲ್ಲರೂ ಒಂದೇ ಎಂದು ನಾನೇ ಭಾಷಣ ಮಾಡಿದ್ದೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಮಧ್ಯಾಹ್ನ ಶಮೀಮ್ ಬಂದು ಹೊಸ ಪುಟ ಓದಿದಳು. ಎರಡು ಸಲ ಓದಿದಳು.

"ಇದನ್ನ ಬರದಾಕಿ ನೀನಾ?"

"ಅಣ್ಣ ಹೇಳಿದಾ, ನಾ ಬರದೆ."

ಅಷ್ಟರಲ್ಲಿ ಆಯಿ ಮಜ್ಜಿಗೆ ತಂದಳು. ನಮ್ಮ ಮೂವರಿಗೆ ಸ್ಟೀಲ್ ಲೋಟ. ಶಮೀಮ್ ಎದ್ದು ಹೋಗಿ ಪಡಸಾಲೆಯ ಗೂಡಿನಿಂದ ಹಿಡಿಕೆ ಮುರಿದ ಪಿಂಗಾಣಿ ಕಪ್ಪು ತಂದು ಹಿಡಿದಳು. ನಾಲ್ಕು ವರ್ಷದಿಂದ ಅವಳು ಹಾಗೆಯೇ ತರುತ್ತಿದ್ದಳು. ಆಯಿ ತಂಬಿಗೆಯನ್ನು ಮೇಲೆತ್ತಿ, ಕಪ್ಪಿಗೆ ತಾಗದ ಹಾಗೆ ಸುರಿದಳು. "ಕುಡಿಯವ್ವಾ, ಬಿಸಲಾಗ ಬಂದೀ," ಎಂದಳು. ಆ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ಅದೇ ನನಗೆ ಇವತ್ತಿಗೂ ನುಂಗಲಾಗದ ಸಂಗತಿ.

ಆಯಿ ಒಳಗೆ ಹೋದ ಮೇಲೆ ಶಮೀಮ್ ಕಪ್ಪನ್ನು ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟಳು. ಕುಡಿಯಲಿಲ್ಲ.

"ಅಣ್ಣಾ, ನಾ ಹೇಳಿದ್ದಕ್ಕೆಲ್ಲಾ ನೀ ಪುಸ್ತಕ ನೋಡಿ ನಿಯಮ ಮಾಡಿದಿ. ಇದನ್ನ ಎಲ್ಲಿ ನೋಡಿ ಮಾಡಿದಿ?"

ವಿನು ಅಣ್ಣನ ಕಿವಿ ಕೆಂಪಾದವು. "ಆಟಾ ಇದು. ಖರೆ ಏನ ಅಲ್ಲಲ್ಲಾ."

"ಈ ಕಪ್ಪ ಖರೆ ಐತಿ."

ಬಸು ಏನೂ ತಿಳಿಯದೆ ನಕ್ಕ. ವಿನು ಅಣ್ಣ ದಾಳ ತೆಗೆದುಕೊಂಡು ಗಟ್ಟಿಯಾಗಿ, "ಆಡೋರಿದ್ರ ಆಡ್ರಿ," ಎಂದು ಆಟ ಶುರು ಮಾಡಿಬಿಟ್ಟ. ತಂಡ ಊರ ಬಾಗಿಲಿಗೆ ಬಂದಿದೆ. ಕಾವಲುಗಾರರು ಅಂಕ ನೋಡುತ್ತಿದ್ದಾರೆ. ಹಿಂದಿನ ದಿನಗಳನ್ನೂ ಲೆಕ್ಕ ಹಿಡಿದು ವೈದ್ಯೆಗೆ ಒಂಬತ್ತು ಆಗಿದೆ. ಬರಣಿ ಕೆಳಗಿಟ್ಟರೆ ಅವಳನ್ನು ಮಾತ್ರ ಒಳಗೆ ಬಿಡುತ್ತಾರೆ. ಹಿಡಿದುಕೊಂಡೇ ಇದ್ದರೆ ಹತ್ತು ತುಂಬಿ, ಅವಳೂ ಜಂಗಾರಿಯೂ ಹೊರಗೆ. ಹೊರಗೆ ಬಾಣ ಹೂಡಿದವರು ಕಾಯುತ್ತಿದ್ದಾರೆ.

"ಪಾರಿ, ಏನ ಮಾಡ್ತಿ?"

ಶಮೀಮ್ ನನ್ನನ್ನೇ ನೋಡುತ್ತಿದ್ದಳು. ಕಾಗದದ ಮೇಲಿನ ಪಾತ್ರ ಸತ್ತರೆ ನನಗೇನು ನಷ್ಟವಿತ್ತು? ಇನ್ನೊಂದು ಹಾಳೆ ತೆಗೆದು ಬರೆದರಾಗುತ್ತಿತ್ತು. ಆದರೆ ನಾನು ಆ ಪಾತ್ರಕ್ಕೆ ಹದಿನಾಲ್ಕು ದಿನ ಕಷ್ಟಪಟ್ಟಿದ್ದೆ. ಒಳಗೆ ಹೋಗಬೇಕೆಂಬ ಆಸೆ ಅಷ್ಟು ಸಣ್ಣದು, ಅಷ್ಟು ಹೊಲಸಾದದ್ದು.

"ಕೆಳಗ ಇಡ್ತೇನಿ," ಅಂದೆ.

ಶಮೀಮ್ ಎದ್ದಳು. ಮಜ್ಜಿಗೆಯನ್ನು ಅಂಗಳದ ತುಳಸಿಯ ಬುಡಕ್ಕೆ ಸುರಿದಳು. ಕಪ್ಪು ತೊಳೆದು ಗೂಡಿನಲ್ಲಿಟ್ಟಳು. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಅವತ್ತು ಸಂಜೆಯಿಂದ ನನಗೆ ನನ್ನ ಅಕ್ಷರವೇ ಅಸಹ್ಯವಾಯಿತು. ಆ ಕಪ್ಪು ನಾಲ್ಕು ವರ್ಷ ನನ್ನ ಕಣ್ಣೆದುರಿಗೇ ಇತ್ತು. ಅಂಕ ಹಾಕಿ, ಗೆರೆ ಎಳೆದು, ನಿಯಮ ಎಂದು ನಾನೇ ಬರೆಯುವತನಕ ಅದು ನನಗೆ ಕಂಡಿರಲಿಲ್ಲ. ನೋಟ್‌ಬುಕ್ಕಿನ ಆ ಪುಟ ಹರಿದು ಹಿತ್ತಲಿನ ತಿಪ್ಪೆಗೆ ಹಾಕಿದೆ. ಅದರಿಂದ ಏನೂ ಹಗುರಾಗಲಿಲ್ಲ.

ಮರುದಿನ ಶಮೀಮ್‌ಳ ಮನೆಗೆ ಹೋದೆ. ಅವಳ ತಾಯಿ ಹತ್ತಿಯ ರಾಶಿಯ ನಡುವೆ ದೊಡ್ಡ ಸೂಜಿಯಿಂದ ಗಾದಿಗೆ ಟಾಕು ಹಾಕುತ್ತಿದ್ದರು. ನನ್ನನ್ನು ನೋಡಿ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಸೂಜಿ ಅಲ್ಲೇ ಚುಚ್ಚಿಟ್ಟು ಎದ್ದು ಚಹಾ ಮಾಡಿದರು. ಮನೆಯಲ್ಲಿದ್ದ ಒಳ್ಳೆಯ ಬಶಿ-ಕಪ್ಪಿನಲ್ಲಿ ಕೊಟ್ಟರು. ಏಲಕ್ಕಿ ವಾಸನೆ ಘಮ್ಮೆನ್ನುತ್ತಿತ್ತು.

ಕಪ್ಪನ್ನು ತುಟಿಯ ಹತ್ತಿರ ತಂದೆ. ಮುಟ್ಟಿದ ನೀರು, ಮೂರು ಅಂಕ. ನಾನೇ ಬರೆದ ಸಾಲು ನೆನಪಾಗಿ ತುಟಿ ತಾನಾಗಿ ಮುಚ್ಚಿಕೊಂಡಿತು. ಹಾಗೆ ಆಗಬಾರದು ಎಂದು ಮನಸ್ಸು ಹೇಳುತ್ತಿತ್ತು, ಮೈ ಕೇಳಲಿಲ್ಲ. ಮೈಗೆ ಅದನ್ನು ಯಾರೂ ಕೂರಿಸಿ ಕಲಿಸಿರಲಿಲ್ಲ. ಆದರೂ ಅದು ಅಚ್ಚುಕಟ್ಟಾಗಿ ಕಲಿತಿತ್ತು.

"ನಾ ಚಾ ಕುಡಿಯೂದಿಲ್ರಿ," ಅಂದೆ.

ದಿನಕ್ಕೆ ನಾಲ್ಕು ಸಲ ಶಮೀಮ್‌ಳ ಎದುರಿಗೇ ಚಹಾ ಕುಡಿಯುತ್ತಿದ್ದವಳು ನಾನು. ಅವಳ ತಾಯಿಯ ಮುಖ ಸ್ವಲ್ಪ ಬಾಡಿತು. ಶಮೀಮ್ ನನ್ನ ಕೈಯಿಂದ ಕಪ್ಪು ತೆಗೆದುಕೊಂಡಳು.

"ಅಮ್ಮೀ, ಇನೇ ಚಾ ಪೀತಿ ನೈ," ಎಂದಳು. ಹೌದು, ಇವಳು ಚಹಾ ಕುಡಿಯುವುದೇ ಇಲ್ಲ. ನನ್ನ ಸುಳ್ಳಿಗೆ ಅವಳೇ ಸಾಕ್ಷಿ ನಿಂತಳು. ತಾಯಿಗೆ ನೋವಾಗದಿರಲಿ ಎಂದು ತಾನೇ ಆ ಚಹಾ ಕುಡಿದು ಮುಗಿಸಿದಳು. ಹೇಳಬೇಕೆಂದು ಹೋಗಿದ್ದ ಒಂದು ಮಾತನ್ನೂ ನಾನು ಹೇಳಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಅವಳು ಬೇರೆ ಬೆಂಚಿಗೆ ಹೋಗಿ ಕೂತಳು.

ನಾನೀಗ ಮೂಡಲಗಿಯಲ್ಲಿ ಶಾಲಾ ಶಿಕ್ಷಕಿ. ಈ ವರ್ಷ ವಿನು ಅಣ್ಣ ಪುಣೆಯಿಂದ ಫೋನ್ ಮಾಡಿದ. ಗೆಳೆಯರ ಜೊತೆ ಸೇರಿ ಸ್ವಂತದ್ದೊಂದು ಆಟದ ಪುಸ್ತಕ ಅಚ್ಚು ಹಾಕಿಸುತ್ತಿದ್ದಾನಂತೆ.

"ಆ ತುಕ್ಕಿನ ಮಂದಿ ನೆನಪ ಅದಾರಲ್ಲಾ? ಅವರನ್ನ ಹಾಕಾಕತ್ತೇವಿ. ನೋಟ್‌ಬುಕ್ ಇದ್ರ ಫೋಟೋ ಕಳಸ."

"ಅದು ಶಮೀಮ್‌ದು ಅಣ್ಣಾ."

"ಯಾವ ಶಮೀಮ್?" ಆಮೇಲೆ ನೆನಪಾಗಿ, "ಹಾಂ, ಆ ಗಾದಿಯವರ ಹುಡುಗಿ. ಕಥಿ ಆಕಿದ ಇರಬಹುದು, ನಿಯಮ ನಂದಲ್ಲಾ? ಆ ಮೈಲಿಗಿ ಅಂಕ ಇಲ್ಲಿ ಎಲ್ಲಾರಿಗೂ ಭಾಳ ಸೇರೇತಿ. ಖರೆ ಖರೆ ಇದ್ದಂಗ ಐತಿ ಅಂತಾರ," ಎಂದು ನಕ್ಕ.

ಆ ನಗು ಕಿವಿಗೆ ಬಿದ್ದಾಗ ಫೋನನ್ನೇ ಮೈಯಿಂದ ದೂರ ಹಿಡಿಯಬೇಕೆನಿಸಿತು. ಕಳಿಸುವುದಿಲ್ಲ ಎಂದು ಹೇಳಿ ಇಟ್ಟೆ. ಮುಂದಿನ ಭಾನುವಾರ ಬಸ್ ಹತ್ತಿ ಹುಕ್ಕೇರಿಗೆ ಹೋದೆ. ಶಮೀಮ್ ಮದುವೆಯಾಗಿ ಅಲ್ಲೇ ಇದ್ದಾಳೆ, ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿ ಇಟ್ಟಿದ್ದಾಳೆ ಎಂದು ಊರಿನವರು ಹೇಳಿದ್ದರು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಮಶಿನ್ನಿನ ಮುಂದೆ ಕೂತಿದ್ದಳು. ತಲೆಯೆತ್ತಿದಳು, ನಕ್ಕಳು.

"ಬರ್ರಿ, ಕುಂದರ್ರಿ. ಆರಾಮ ಅದೀರಿ?"

"ಶಮೀ, ನಾನು, ಪಾರಿ."

"ಗೊತ್ತಾತ್ರಿ."

ಎಲ್ಲ ಹೇಳಿದೆ. ವಿನು ಅಣ್ಣನ ಫೋನು, ನಾನು ಬರಣಿ ಕೆಳಗಿಟ್ಟದ್ದು, ಕುಡಿಯದೆ ಬಿಟ್ಟ ಚಹಾ, ಎಲ್ಲ. ಅವಳು ಸೂಜಿಗೆ ದಾರ ಪೋಣಿಸುತ್ತ ಪೂರ್ತಿ ಕೇಳಿದಳು.

"ಸಣ್ಣವರಿದ್ವಿ, ಬಿಡ್ರಿ. ಹಾಕಿಕೊಳ್ಳಲಿ ಅವರು. ನನಗ ಈಗ ಅದ್ಯಾವದೂ ಬ್ಯಾಡ."

"ನನಗ ರಿ ಹಚ್ಚಿ ಮಾತಾಡಬ್ಯಾಡ ಶಮೀ."

"ಹೆಂಗ ಆಗತೈತ್ರಿ? ನೀವೀಗ ಸಾಲಿ ಅಕ್ಕೋರು."

ಅವಳ ಮುಖದಲ್ಲಿ ಸಿಟ್ಟಿಗಾಗಿ ಹುಡುಕಿದೆ. ಒಂದು ಬೈಗುಳ ಸಿಕ್ಕಿದ್ದರೂ ಎದೆಗವಚಿಕೊಂಡು ಬರುತ್ತಿದ್ದೆ. ಸಿಕ್ಕದ್ದು ಗಿರಾಕಿಗಳಿಗೆ ತೋರಿಸುವ ಮರ್ಯಾದೆ. ಆ ಕಾಲದಲ್ಲಿ ಓಣಿಯ ಆ ತುದಿಯಿಂದಲೇ, "ಏ ಪಾರೀ, ಹೊರಗ ಬಾರಬೇ," ಎಂದು ಊರಿಗೆ ಕೇಳುವಂತೆ ಕೂಗುತ್ತಿದ್ದಳು. ನನ್ನನ್ನು ಹಾಗೆ ಕೂಗುವವರು ಈಗ ಯಾರೂ ಇಲ್ಲ.

ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಅಳತೆ ಕೊಡಲು ಬಂದಳು. ಶಮೀಮ್ ಎದ್ದು ಮೆಟ್ಟಿಲ ತನಕ ಬಂದು, "ಮತ್ತ ಬರ್ರಿ," ಎಂದಳು.

"ಬರ್ತೇನ್ರಿ," ಎಂದೆ, ನಾನೂ.