ಮೀಸೆ ಬಂದ ಹಂದಿ

ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ವಾರಪತ್ರಿಕೆಗೆ ಅಚ್ಚು ಮಾಡಿಕೊಡುತ್ತಿದ್ದವನನ್ನು ಬೀದಿಯವರೆಲ್ಲ ಅಚ್ಚಿನಣ್ಣ ಎನ್ನುತ್ತಿದ್ದರು. ಮಂತ್ರಿಯನ್ನು ಮಂತ್ರಿಯ ಹಾಗೆಯೇ ಕೆತ್ತಿದರೆ ಪತ್ರಿಕೆಗೆ ಬೀಗ ಬೀಳುವ ಕಾಲ ಅದು. ಹಾಗಾಗಿ ಅವನ ಚಿತ್ರಗಳಲ್ಲಿ ಎಲ್ಲರೂ ವೇಷ ಹಾಕಿಕೊಂಡೇ ಬರಬೇಕಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸು ಎಂದರೆ ನ್ಯಾಯ, ಬಡಕಲು ಕತ್ತೆ ಎಂದರೆ ಪ್ರಜೆಗಳು.

ಆ ವರ್ಷ ಮಂತ್ರಿ ಕಿಟಕಿಗಳ ಮೇಲೆ ತೆರಿಗೆ ಹಾಕಿದ. ಜನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಕತ್ತಲಲ್ಲಿ ಕೂತರು. ಅಚ್ಚಿನಣ್ಣನ ರಕ್ತ ಕುದಿಯಿತು. ಕಿರೀಟ ತೊಟ್ಟ ಹಂದಿಯೊಂದು ಕಿಟಕಿಗಳನ್ನು ಕಟಕಟನೆ ಕಡಿದು ತಿನ್ನುವಂತೆ, ಕಣ್ಣು ಕಟ್ಟಿದ ಹೆಂಗಸು ಬಡಿಸುವಂತೆ, ಕತ್ತೆ ಇನ್ನಷ್ಟು ಕಿಟಕಿ ಹೊತ್ತು ನಿಂತಂತೆ ಬರೆದುಕೊಂಡ. ಕೆತ್ತುವ ಮುನ್ನ ಯಾಕೋ ಅಳುಕಾಗಿ, ಹಂದಿಗೊಂದು ದಪ್ಪ ಮೀಸೆ ಇಟ್ಟ. ಮಂತ್ರಿಗೆ ಮೀಸೆ ಇರಲಿಲ್ಲ.

ಪತ್ರಿಕೆ ಹೊರಬಿದ್ದ ದಿನವೇ ಹೆಂಡತಿಯ ಅಣ್ಣ, ದಿನಸಿ ಅಂಗಡಿಯವನು, ಹೊಸ್ತಿಲಲ್ಲಿ ನಿಂತು ಗುಡುಗಿದ.

“ಏನಯ್ಯಾ, ನಿಮ್ಮನೇಲಿ ಎರಡು ತುತ್ತು ಜಾಸ್ತಿ ಉಂಡಿದ್ದಕ್ಕೆ ನನ್ನ ಹಂದಿ ಮಾಡೋದಾ?”

“ಅಯ್ಯೋ ಭಾವ, ಹಂದಿ ಅಂದ್ರೆ ಮಂತ್ರಿ!”

“ಮಂತ್ರಿಗೆಲ್ಲಿದೆ ಮೀಸೆ? ಊರಲ್ಲಿ ಇಂಥ ಮೀಸೆ ಇರೋದು ನನಗೊಬ್ಬನಿಗೇ!”

ಹೆಂಡತಿ ಒಳಗಿನಿಂದ ಬಂದಳು. “ಹಾಗಾದ್ರೆ ಬಡಿಸ್ತಿರೋ ಕುರುಡಿ ನಾನೇನ್ರೀ?”

“ಅದು ನ್ಯಾಯ ಕಣೇ!”

“ನನ್ನ ಕುರುಡಿ ಅನ್ನೋದು ನ್ಯಾಯಾನಾ?”

ಭಾವ ಮಾತು ಬಿಟ್ಟ. ಹೆಂಡತಿಯೂ ಬಿಟ್ಟಳು.

ಮಾರನೆಯ ದಿನ ಮಂತ್ರಿಯ ಕಡೆಯವನು ಬಂದಾಗ ಅಚ್ಚಿನಣ್ಣ ಉಳಿಗಳನ್ನು ಚಾಪೆಯಡಿಗೆ ತಳ್ಳಿದ. ಬಂದವನು ನಗುತ್ತಿದ್ದ. “ಸಾಹೇಬರು ಬಿದ್ದು ಬಿದ್ದು ನಕ್ಕರು. ಕಿರೀಟ, ಮೀಸೆ ಎಲ್ಲ ಸೇರಿ ಪಕ್ಕದ ದೇಶದ ರಾಜನ್ನ ಸರಿಯಾಗಿ ಹಿಡಿದಿದ್ದೀರಿ. ಗೋಡೆಗೆ ತೂಗುಹಾಕೋಕೆ ಒಂದು ಪ್ರತಿ ಬೇಕಂತೆ.”

ಅಚ್ಚಿನಣ್ಣ ಹಲ್ಲು ಕಚ್ಚಿಕೊಂಡು ಪ್ರತಿಯನ್ನು ಸುತ್ತಿ ಕೊಟ್ಟ. ಬಂದವನು ಆಚೆ ಹೋದದ್ದೇ ತಡ, ಹೊಸ ಹಲಗೆ ಎಳೆದುಕೊಂಡ. ಈ ಸಲ ಹಂದಿಗೆ ಮೀಸೆ ಇಲ್ಲ. ಹೊಟ್ಟೆಯ ಮೇಲೆ ‘ತೆರಿಗೆ’ ಎಂದು, ಅಚ್ಚಿನಲ್ಲಿ ನೆಟ್ಟಗೆ ಬರುವಂತೆ, ಉಲ್ಟಾ ಅಕ್ಷರಗಳನ್ನು ಕೆತ್ತಿದ. ಮೂಗಂತೂ ಮಂತ್ರಿಯದೇ.

ಸಂಪಾದಕರು ನೋಡಿ ಬೆಚ್ಚಿದರು. “ಇದು ಯಾರಂತ ಎಲ್ಲರಿಗೂ ಗೊತ್ತಾಗುತ್ತಲ್ಲಪ್ಪಾ!”

“ಗೊತ್ತಾಗಲಿ ಅಂತಾನೇ ಮಾಡಿದ್ದು, ಸಾರ್.”

“ನನ್ನ ಹೆಂಡತಿ ಮಕ್ಕಳು ಬೀದಿಗೆ ಬೀಳಬೇಕಾ? ಮೀಸೆ ಇರೋದನ್ನೇ ಇನ್ನೊಂದು ಮಾಡಿಕೊಡು. ಅದು ಚೆನ್ನಾಗಿ ಖರ್ಚಾಯ್ತು.”

ಅವನು ಹಲಗೆಯನ್ನು ಮನೆಗೆ ತಂದು ಒಲೆಗೆ ಹಾಕಿದ. ಆ ವಾರವೇ ಪತ್ರಿಕೆ ಬಿಟ್ಟು, ಸೋಪಿನ ಪೊಟ್ಟಣಗಳಿಗೆ ಹೂವಿನ ಅಚ್ಚು ಕೆತ್ತುವ ಕೆಲಸ ಹಿಡಿದ. ಕೆಲಕಾಲಕ್ಕೆ ಭಾವನ ಕೋಪ ಇಳಿಯಿತು, ತೆರಿಗೆ ಇಳಿಯಲಿಲ್ಲ.

ಮೊದಲ ಹೂವು ಅಚ್ಚಾಗಿ ಬಂದ ದಿನ ಹೆಂಡತಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ನಿಜ ಹೇಳಿ, ಇದು ಯಾರು?”

ಅವನು ಉಳಿ ಕೆಳಗಿಟ್ಟು ಹೊರಗೆ ನಡೆದುಬಿಟ್ಟ.