ಮೊದಲನೇ ‘ಬ್ಯಾಡ’

ಆಫೀಸ್ ಕೆಲಸಕ್ಕೆ ಸ್ಯಾನ್ ಡಿಯೆಗೊಗೆ ಹೋದವನಿಗೆ ಲಾಸ್ ಏಂಜಲೀಸ್‌ನ ಕಟ್ಟಡ, ಮ್ಯೂಸಿಯಂಗಳನ್ನೆಲ್ಲ ನೋಡುವ ಹುಚ್ಚು ಹಿಡಿಯಿತು. ಆ ಹುಚ್ಚಿಗೆ ಸಿಕ್ಕಿಕೊಂಡವರು ಅಲ್ಲೇ ಪಕ್ಕದ ಟೊರೆನ್ಸ್ ಊರಿನ ಅಂಕಲ್ ಒಬ್ಬರು. ಗೆಳೆಯನ ಪರಿಚಯದವರು, ನನ್ನಂತೆಯೇ ಹುಬ್ಬಳ್ಳಿಯವರು. ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಬಂದು, ಗುಡ್ಡದ ಮೇಲಿನ ಬಿಳಿ ಕಲ್ಲಿನ ಮ್ಯೂಸಿಯಂಗೆ ಡ್ರೈವ್ ಮಾಡಿಕೊಂಡು ಕರೆದೊಯ್ದರು.

ಪಾರ್ಕಿಂಗ್‌ನಲ್ಲಿ ಇಳಿದು, “ನೀವೂ ಬರ್ರಿ ಅಂಕಲ್” ಅಂದೆ.

“ಏ ಬ್ಯಾಡ್ರಿ, ನನಗೇನ್ ತಿಳೀತೈತಿ ಅದೆಲ್ಲಾ? ನೀವು ನೋಡ್ಕೊಂಡ್ ಬರ್ರಿ, ನಾ ಇಲ್ಲೇ ಕಾರಿನ್ಯಾಗ ಕುಂದರ್ತೀನಿ.”

ಸರಿ ಅಂತ ನಾನೊಬ್ಬನೇ ಮೇಲೆ ಹೋದೆ. ಬಿಸಿಲಿಗೆ ಬೆಚ್ಚಗಾದ ಹೊರಗೋಡೆಗಳನ್ನು ಸವರಿದೆ, ಒಳಗೆ ಚಿತ್ರಗಳ ಮುಂದೆ ಮೈಮರೆತೆ. ಇಳಿದು ಬಂದಾಗ ಊಟದ ಹೊತ್ತು ಮೀರಿತ್ತು.

“ಮ್ಯಾಲಿಂದ ಸಮುದ್ರ ಕಾಣತೈತಂತಲ್ರಿ, ಖರೇನ?” ಎಂದು ಅಂಕಲ್ ಕೇಳಿದರು. ಹೌದು ಅಂದೆ. ಆಗಲೂ ನನ್ನ ತಲೆಗೆ ಹೋಗಲಿಲ್ಲ.

ಊಟ ಅವರ ಮನೆಯಲ್ಲೇ. ಬಾಗಿಲು ತೆಗೆದ ಆಂಟಿ ಗಂಡನನ್ನು ಕೇಳಿದರು: “ಅಂತೂ ನೋಡಿ ಬಂದ್ರಿ? ಒಬ್ಬರೇ ಹೋಗಾಕ ಬ್ಯಾಸರ, ಜೋಡಿ ಯಾರರ ಬರಲಿ ಅಂತ ಎಷ್ಟ್ ವರ್ಷ ಕಾದ್ರಿ!”

ಅಂಕಲ್ ನನ್ನ ಕಡೆ ನೋಡಲಿಲ್ಲ. “ಭಾಳ ಚಲೋ ಐತಿ. ಮ್ಯಾಲಿಂದ ಸಮುದ್ರನೂ ಕಾಣತೈತಿ” ಅಂದರು.

ತಟ್ಟೆಗೆ ಶೇಂಗಾ ಹೋಳಿಗೆ ಬಿತ್ತು. ಸಾಕು ಅಂದೆ, ಬ್ಯಾಡ್ರಿ ಅಂದೆ, ಕೈ ಅಡ್ಡ ಹಿಡಿದೆ. ಆಂಟಿ ಕೈ ಸರಿಸಿ ಇನ್ನೆರಡು ಹಾಕಿದರು. ನಮ್ಮ ಕಡೆ ಮೊದಲನೇ ‘ಬ್ಯಾಡ’ವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಮರ್ಯಾದೆ ಹೋಳಿಗೆಗಷ್ಟೇ ಅಂತ ನಾನ್ಯಾಕೆ ಅಂದುಕೊಂಡೆನೋ!